ಚಿಪ್ಪಿಗೆ ರಜ

ಬೇತಮಂಗಲದ ಕೆರೆಗೆ ಸಮುದ್ರ ಗೊತ್ತಿಲ್ಲ.
ಪಾಲಾರು ಅಲ್ಲಿಗೇ ಹೋಗುತ್ತದಂತೆ. ಹೋದ ನೀರು
ತಿರುಗಿ ಬಂದು ಏನನ್ನೂ ಹೇಳಿದ್ದಿಲ್ಲ.
ಆದರೂ ನಮ್ಮ ಕೆರೆಯಲ್ಲೊಂದು ಹಾಯಿ ಇತ್ತು.

ಗಣಿಯ ದೊರೆಯೊಬ್ಬ ಭಾನುವಾರದ ಮೋಜಿಗೆ ತೇಲಿಸಿದ ದೋಣಿ.
ದೊರೆ ಹೋದ, ಭಾನುವಾರ ಉಳಿಯಿತು.
ದೋಣಿ ಏರಿಯ ಕೆಳಗೆ ಬೋರಲು ಬಿದ್ದು
ನಾಯಿ ಮರಿಹಾಕುವ ಜಾಗವಾಯಿತು.
ತಾತ ಗಂಗುಲಪ್ಪ ಅದನ್ನು
ಎರಡು ಆಡು, ಒಂದು ತಾಮ್ರದ ಹಂಡೆ ಕೊಟ್ಟು ತಂದ.
(ಹಂಡೆ ಅಜ್ಜಿಯದು. ಆ ಮಾತು ಬೇರೆ.)

ಕಾಳಾಚಾರಿ ಹೊನ್ನೆಯ ಹಲಗೆ ಕೂರಿಸಿದ,
ಬಿರುಕಿಗೆ ಹತ್ತಿ, ರಾಳ, ಹೊಂಗೆ ಎಣ್ಣೆ.
ಹಾಯಿಗೆ ಸ್ಕೂಲಿನ ಗೋಧಿಹಿಟ್ಟಿನ ಖಾಲಿ ಚೀಲಗಳು.
ಅದರ ಮೇಲೆ ಅಚ್ಚಾಗಿದ್ದ ಎರಡು ಕೈ
ಗಾಳಿ ತುಂಬಿದಾಗಲೆಲ್ಲ ಉಬ್ಬಿ
ಕೆರೆಯ ನಡುವೆ ಯಾರದೋ ಕೈ ಕುಲುಕುತ್ತಿದ್ದವು.

ಬಾಚಣಿಗೆ ಚಾಂಪಿಯನ್ ರೀಫಿನ ಸವರಿಮುತ್ತುವಿನದು.
ರಾತ್ರಿ ಪಾಳಿಯಲ್ಲಿ ಯಾರೂ ನೋಡದಾಗ ಬೆಸೆದದ್ದು:
ಹನ್ನೊಂದು ಹಲ್ಲು, ಬೆನ್ನಿಗೆ ತಂತಿ ಹೆಣೆದ ಚೀಲ.
ಕೂಲಿ, ಕ್ರಿಸ್‌ಮಸ್‌ಗೆ ಮನೆಗೆ ಬಳಿಯಲು ಒಂದು ಮೂಟೆ ಸುಣ್ಣ.

ಆಷಾಢದ ಗಾಳಿಗೆ ದೋಣಿ ಒಂದು ಮಗ್ಗುಲಾಗಿ ಓಡುವಾಗ
ಹಗ್ಗ ಬಿಗಿದು, ಕೆಳಗೆಲ್ಲೋ ಬಾಚಣಿಗೆ
ಕೆರೆಯ ತಳದ ಜಡೆ ಬಿಡಿಸುವುದು
ನಮ್ಮ ಅಂಗಾಲಿಗೆ ಕೇಳುತ್ತಿತ್ತು.
ಎಳೆದು ಸುರಿದರೆ ಕೆಸರು, ಕಳೆ, ಗಟ್ಟಿ ಬಾಯಿ ಮುಚ್ಚಿದ ಕಪ್ಪೆಚಿಪ್ಪು.
ಅಜ್ಜಿ ಪಿಳ್ಳಮ್ಮ ಆರಿಸುವಳು.
ಅಂಗೈಗಿಂತ ಚಿಕ್ಕದು ಸಿಕ್ಕರೆ
"ಇನ್ನೂ ಹಾಲುಹಲ್ಲು, ಓಗು" ಅಂತ ನೀರಿಗೆ.

ಮಾಂಸ ಬಾತುಗಳಿಗೆ. ಸ್ವಲ್ಪ
ಹುಣಸೆ ಮೆಣಸು ಹಾಕಿ ರಾತ್ರಿ ನಮಗೂ,
ಕೇಳಿದವರಿಗೆ ಇಲ್ಲ ಅನ್ನುತ್ತಿದ್ದೆವು.
ಚಿಪ್ಪು ಗೂಡಿನಲ್ಲಿ ಬೆಂದು, ಅರಳಿ, ಜರಡಿಯಿಂದ ಇಳಿದು
ಸುತ್ತಿನ ಹುಳುಮನೆಗಳ ತಟ್ಟೆಗೆ ಹೋಗುತ್ತಿತ್ತು.
ಎರಡನೇ ಜ್ವರದ ಹುಳು ತಲೆಯೆತ್ತಿ ಮಲಗಿರುವಾಗ
ಅದರ ಮೇಲೆ ಉದುರುತ್ತಿದ್ದ ಬಿಳಿ ಪುಡಿ
ನಮ್ಮ ಕೆರೆಯ ತಳ.

ಗಾಳಿ ಸತ್ತ ದಿನ, ಹಾಯಿ
ಒಗೆದು ನೇತುಹಾಕಿದ ಚಡ್ಡಿಯಂತೆ ಜೋತಾಗ,
ತಾತ ದೋಣಿಯಲ್ಲೇ ಚೌಕಾಬಾರ ಗೀಚುವನು.
ಹುಟ್ಟು ಹಾಕಬಾರದಾ ತಾತ ಅಂದೆ.
"ಗಾಳಿ ಇಲ್ದಿದ್ ದಿನ ಚಿಪ್ಪಿಗೆ ರಜ ಕಣಮ್ಮಿ.
ಗಣಿಯೋರಿಗೂ ವಾರಕ್ಕೊಂದ್ ರಜ ಐತೆ,
ಅದುಕ್ಕೆ ಬ್ಯಾಡವಾ? ನಿನ್ನ ಆಟ, ಆಡು."

ಚಿಕ್ಕಪ್ಪ ಯರ್ರಪ್ಪ ಪಂಪ್‌ಸೆಟ್ಟಿನ ಇಂಜಿನ್ನು ತಂದು ಕೂರಿಸಿದ.
ತಾತ ಬೇಡ ಅನ್ನಲಿಲ್ಲ.
ದಡಕ್ಕಿಳಿದು ಎಕ್ಕಡ ಮೆಟ್ಟಿಕೊಂಡ.
ನಲವತ್ತು ದಿನ ರಜವಿಲ್ಲ.
ಗಂಗಮ್ಮನ ಗುಡಿಯೆತ್ತರ ರಾಶಿ ಬಿತ್ತು,
ಹೊಸ ಸೈಕಲ್ಲು ಬಂತು, ನನಗೆ ಗೆಜ್ಜೆ ಬಂತು.
ನಲವತ್ತೊಂದನೇ ದಿನ ಬಾಚಣಿಗೆ ತಂದದ್ದು
ಕೆಸರು, ಒಂದು ಎಡಗಾಲಿನ ಚಪ್ಪಲಿ,
ತನ್ನದೇ ಮುರಿದ ಹಲ್ಲು.

ಇಂಜಿನ್ನಿಂದಲ್ಲ ಅನ್ನುತ್ತಾನೆ ಚಿಕ್ಕಪ್ಪ ಇವತ್ತಿಗೂ,
ಊರಿನ ಮೋರಿ ಕೆರೆಗೆ ಬಿಟ್ಟರಲ್ಲ, ಅದರಿಂದ.
ಅವನದೂ ಸುಳ್ಳಲ್ಲ.
ಗೆಜ್ಜೆ ಇನ್ನೂ ನನ್ನ ಹತ್ತಿರ ಇದೆ.

ಕೊನೆಯ ಗೂಡು ಸುಟ್ಟಾಗ ಸುಣ್ಣ ಅರಳಿಸಲು ತೊಟ್ಟಿ ಒಡೆದಿತ್ತು.
ದೋಣಿಯನ್ನೇ ಎಳೆದು ತಂದೆವು.
ಅಷ್ಟು ವರ್ಷ ನೀರನ್ನು ಹೊರಗಿಟ್ಟವಳ ಒಳಗೆ
ಬಿಂದಿಗೆ ಬಿಂದಿಗೆ ಸುರಿದೆವು.
ಬೆಂದ ಚಿಪ್ಪು ಸೀಳಿ, ಕುದಿದು, ಹೊಗೆಯೆದ್ದು
ನೆಲದ ಮೇಲೆಯೇ ದೋಣಿ ನಡುಗತೊಡಗಿತು.
ಅಂಚು ಹಿಡಿದು ನಿಂತಿದ್ದ ಅಜ್ಜಿ, ಅಭ್ಯಾಸ,
ತಟ್ಟನೆ ತಲೆಯೆತ್ತಿ ಹಾಯಿಕಂಬದ ಕಡೆ ನೋಡಿದಳು.

ಅಲ್ಲಿ ನಮ್ಮ ಬಟ್ಟೆಯ ಹಗ್ಗ.
ಸ್ವಲ್ಪ ಅಲ್ಲಾಡುತ್ತಿತ್ತು.