ಪಾಲು

ಮಾರಿಕಣಿವೆ, ಬೆಳಗಿನ ಆರು.
ಸೈಕಲ್ ರಿಪೇರಿಯ ದಾದಾಪೀರ್ ಗಾಳ ಹಿಡಿದು ಮುಂದೆ,
ಎರವಲು ದುರ್ಬೀನು ಕೊರಳಿಗೆ ಹಾಕಿಕೊಂಡು ನಾನು ಹಿಂದೆ.
ಕಾಲುದಾರಿಯ ಜಾಲಿಮುಳ್ಳು ಪೈಜಾಮ ಬಿಡದು.
ನಡುವಿಗೆ ಬಗೆದ ಒಂದು ಹುತ್ತ, ಮಣ್ಣಿನ್ನೂ ಹಸಿ.
"ಕರಡಿ," ಅಂದ, ಪಂಕ್ಚರಿಗೆ ರೇಟು ಹೇಳುವ ದನಿಯಲ್ಲಿ.
"ರಾತ್ರಿ ಉಂಡು ಹೋಗೈತೆ."

ತಿರುವು ದಾಟಿದರೆ,
ಎಣ್ಣೆ ಹಚ್ಚಲು ಹಿಡಿದು ಕೂರಿಸಿದ ಮಗುವಿನಂತೆ
ಎರಡು ಗುಡ್ಡಗಳ ಮೊಣಕಾಲ ನಡುವೆ
ನೀರು.

ನಮ್ಮ ಕರಾರು ಹಳೆಯದು:
ಅವನು ಬೀಡಿ ಹಚ್ಚಬಾರದು,
ನಾನು ಹಕ್ಕಿಯ ಹೆಸರು ಕೂಗಬಾರದು.

ಬಿಸಿಲು ಕಲ್ಲಿಗೆ ಇಳಿಯಿತು.
ನನ್ನ ನೋಟ್‌ಬುಕ್ಕಿನಲ್ಲಿ ಏಳು ನೀರುಕಾಗೆ,
ಒಂದು ಪ್ರಶ್ನೆಯ ಗುರುತು.
ನೀರಿಗೆ ಇಳಿಬಿಟ್ಟ ಅವನ ಬಲೆಚೀಲದಲ್ಲಿ ಎರಡು ಜಿಲೇಬಿ,
ಪಾಕದ್ದಲ್ಲ, ಮುಳ್ಳಿನದು.

ಆಗ ನೀರು ಒಡೆದು ಮೂರು ತಲೆ,
ಮೀಸೆ, ಒಂದು ಸಣ್ಣ ಶಿಳ್ಳೆ.
"ನೀರುನಾಯಿ!"
ಕೂಗಿಯೇಬಿಟ್ಟೆ.
ಚೀಲದ ಹಗ್ಗ ಒಮ್ಮೆ ಬಿಗಿಯಿತು,
ಸಡಿಲಾಯಿತು.

ಬೈಗುಳಕ್ಕೆ ಕಾದೆ.
ಅವನು ಕೈ ಚಾಚಿದ: "ಕೊಡ್ರಿ ಇಲ್ಲಿ, ಆ ಗ್ಲಾಸು."
ನೋಡಿದ. ಬಹಳ ಹೊತ್ತು ನೋಡಿದ.
ಆಚೆ ಬಂಡೆಯ ಮೇಲೆ ಅವು
ಅವನ ರಾತ್ರಿಯೂಟವನ್ನು ತಲೆಯಿಂದ ಶುರುಮಾಡಿ ಜಗಿಯುತ್ತಿದ್ದವು.
"ಎಷ್ಟು ಸಣ್ಣವು ನೋಡ್ರಿ, ಪಾಪ," ಅಂದ,
"ತಿನ್ಲಿ ಬಿಡ್ರಿ, ಬೆಳೆಯೋ ಮಕ್ಕಳು."

ದುರ್ಬೀನನ್ನು ಹಿಂದುಮುಂದಾಗಿ ಹಿಡಿದಿದ್ದ.
ನಾನು ಹೇಳಲಿಲ್ಲ.

ಗುಡ್ಡ ಇಳಿಯುವಾಗ ಬೀಡಿ ಹಚ್ಚಿದ.
ಅದನ್ನೂ ಕೇಳಲಿಲ್ಲ.