ಹದಿನೈದರ ಫ್ಯೂಜು

ಕೀಲಿ ತಿರುವಿದರ ತಿರಗತೈತಿ, ಹತ್ತೂದಿಲ್ಲ.
ಗರಾ ಗರಾ ಗರಾ.
"ಬ್ಯಾಟ್ರಿ ಸತ್ತೈತೇನು?" ಅಂದರು ಕಾಯ್ತಾನ್ ಸಾಹೇಬರು.
ಸತ್ತದ್ದು ಇಷ್ಟು ಒದರತೈತೇನ್ರಿ?

ಚಿಂಚಿಣಿಯ ಬಿಸಲು. ಬಾನೆಟ್ಟಿನ ಮ್ಯಾಲ ಗೇರುಹಣ್ಣು ಬಿದ್ದ ಕಲಿ.
ಪ್ಲಗ್ ಬಿಚ್ಚಿ ಇಂಜಿನ್ನಿಗೆ ತಾಗಿಸಿ ಹಿಡದೆ,
ಕಿಡಿ ನೀಲಿ, ಜೋರು.
ಗಾಳಿಯ ಫಿಲ್ಟರ್ ಜಾಡಿಸಿದೆ, ಒಂದು ಒಣ ಮಿಡತಿ ಬಿತ್ತು.
ಆಮ್ಯಾಲ ಹಿಂದಿನ ಸೀಟಿಗೆ ಕಿವಿ ಹಚ್ಚಿ
"ಈಗ ಕೀಲಿ ಅರ್ಧಾ ತಿರುವ್ರಿ" ಅಂದೆ.
ಎರಡು ಸೆಕೆಂಡು ಪಂಪು ಗುಂಯ್ ಅನಬೇಕು.
ಅನಲಿಲ್ಲ.

ಕೀಲಿ ಹಾಕೂ ತೂತನ್ನ ಅವರು ಬೆರಳಲೆ ತಡವಿ ಹುಡುಕಿದ್ದು
ಆವಾಗಲೇ ಕಂಡಿದ್ದೆ.
ಕಣ್ಣಾಗ ಗಂಜಿ ತಿಳಿಯಂಥಾ ಪೊರಿ.
ಮೂವತ್ತೊಂದು ವರ್ಷ ಹಡಗಿನ್ಯಾಗ ಇದ್ದವರು,
ಮಡಗಾಂವ ಎಷ್ಟು ದೂರ, ಅಂತಾರ.

ಫ್ಯೂಜಿನ ಡಬ್ಬಿ ತಗದೆ.
ಸುಟ್ಟಿರಲಿಲ್ಲ.
ಇರಲೇ ಇಲ್ಲ.
ಹದಿನೈದರದು, ನೀಲಿದು, ಅದರ ಜಾಗಾದಾಗ
ಬಿದ್ದ ಹಲ್ಲಿನ ಸಂದಿ.

ತಲಿ ಎತ್ತಿದೆ.
ಬಲ್ಕಾಂವದಾಗ ಎರ್ಮೆಲಿಂದಾ ಬಾಯಿ
ಬಟಾಣಿ ಸುಲಿಯೂದು ನಿಲ್ಲಿಸಿದ್ದರು.
ಒಂದು ಕೈ ಏಪ್ರನ್ನಿನ ಕಿಸೆದ ಮ್ಯಾಲ.
ಬ್ಯಾಡ ಅನಲಿಲ್ಲ, ಕೈ ಮುಗೀಲಿಲ್ಲ,
ಬರೇ ನೋಡಿದರು.

"ಪಂಪು ಹೋಗೈತಿ ಸಾಹೇಬ್ರ.
ಬೆಳಗಾವಿಂದ ಬರಬೇಕು."
"ಎಂದು?"
"ಹಂಗ ಹೇಳಾಕ ಬರೂದಿಲ್ರಿ."

ನೋಡಿದ್ದಕ್ಕ ನೂರು ರೂಪಾಯಿ ಕೊಟ್ಟರು, ಎರಡು ಸಲ ಎಣಿಸಿ.
ಕಿಸೆದಾಗ ಇಟ್ಟೆ.
ಅಲ್ಲೇ ಸ್ಕ್ರೂ, ವಾಶರ್, ಎರಡು ಹತ್ತರವು,
ಒಂದು ಹದಿನೈದರದು, ನೀಲಿದು.

ಗೇಟಿನ ತನಕ ಬಂದಿದ್ದೆ.
ನನ್ನ ಮಾತು ನಂಬಿರಲಿಲ್ಲ ಮುದುಕ:
ಹಿಂದ ಮತ್ತ
ಗರಾ ಗರಾ ಗರಾ.