ಬಾವಿ ಅಳೆಯುವವ

ತಿಂಗಳ ಮೊದಲ ಮಂಗಳವಾರ
ಗಣಿಯ ಜೀಪಿನಲ್ಲಿ ಬರುತ್ತಿದ್ದೆ ನಾನು.
ಕೈಯಲ್ಲೊಂದು ಟೇಪು, ಟೇಪಿನ ತುದಿಗೆ ಹಿತ್ತಾಳೆ ಗುಂಡು,
ಅದರ ಬುಡ ಟೊಳ್ಳು.
ನೀರಿಗೆ ತಾಕಿದರೆ 'ಗುಳುಕ್' ಅನ್ನಬೇಕು ಅದು.
ಆ ಒಂದು ಗುಳುಕಿಗೆ ನನಗೆ ಸಂಬಳ.

ಎಸ್ಟೋನಿಯಾದ ಮೂಡಣ ಅಂಚು. ಬರ್ಚ್ ಮರಗಳ ನಡುವೆ
ಹದಿನಾಲ್ಕು ಮನೆಯ ಊರು. ಊರಾಚೆ ಬೂದಿಯ ಗುಡ್ಡ,
ದೇವರು ಮಾಡಿದ್ದಲ್ಲ, ನಾವು ಸುರಿದದ್ದು.
ಸುತ್ತೆಲ್ಲ ಹಿಮ ಕೂತರೂ ಅದರ ನೆತ್ತಿ ಒಂದೆಡೆ ಬೋಳು:
ಒಳಗಿನ್ನೂ ಕಾವು.

ಇಲ್ಲಿನ ಕಲ್ಲು ಉರಿಯುತ್ತದೆ.
ಕಂದು ಬಣ್ಣ, ಹಗುರ, ಉಗುರಿಗೂ ಗೀರು ಬೀಳುವಷ್ಟು ಮೆದು;
ಕಡ್ಡಿ ಹಿಡಿದರೆ ರಬ್ಬರು ಸುಟ್ಟ ವಾಸನೆ.
ಹಿಂದೆ ಯಾವನೋ ಆ ಕಲ್ಲಲ್ಲೇ ಬಚ್ಚಲ ಒಲೆ ಕಟ್ಟಿದನಂತೆ,
ಮೊದಲ ಶನಿವಾರ, ನೀರು ಕಾಯುವ ಮೊದಲೇ
ಒಲೆಯೇ ಹತ್ತಿಕೊಂಡಿತಂತೆ.
ಹೆಲ್ಯು ಇದನ್ನು ಪ್ರತಿ ಸಲವೂ ಹೇಳಿ ನಗುತ್ತಿದ್ದಳು,
ನಗು ಮುಗಿದ ಮೇಲೆ ಕೇಳುತ್ತಿದ್ದಳು:
"ಎಷ್ಟಾಯಿತು ಇವತ್ತು?"

ಏಳು ಮೀಟರು ಇಪ್ಪತ್ತು.
ಒಂಬತ್ತು.
ಹನ್ನೊಂದು ನಲವತ್ತು, ಅದೂ ಕೆಸರು.
ಆಮೇಲೊಂದು ಮಂಗಳವಾರ ಗುಂಡು ತಳಕ್ಕೆ ಬಡಿದು
'ಟಣ್' ಅಂದಿತು. ಇಬ್ಬರಿಗೂ ಕೇಳಿಸಿತು.
ಫಾರಮಿನಲ್ಲಿ 'ಒಣ' ಎಂದು ಬರೆಯಹೋದೆ;
ಚಳಿಗೆ ಪೆನ್ನಿನ ಶಾಯಿ ಕಟ್ಟಿಕೊಂಡಿತ್ತು,
ಆ ಎರಡಕ್ಷರವನ್ನು ಮೂರು ಸಲ ತಿದ್ದಬೇಕಾಯಿತು.

ಕೆಳಗೆ, ಅರವತ್ತು ಮೀಟರಿನಾಳದಲ್ಲಿ, ಪಂಪುಗಳು
ಹಗಲಿರುಳು ನೀರೆತ್ತಿ ಹೊಳೆಗೆ ಚೆಲ್ಲುತ್ತಿದ್ದವು.
ಗಣಿಗೆ ನೀರು ಬೇಡ, ಹೆಲ್ಯುಗೆ ಬೇಕು,
ಇಬ್ಬರದೂ ಒಂದೇ ನೀರು.
ನನ್ನಣ್ಣ ಗೆನ್ನಾದಿ ಆ ಪಂಪಿನ ಪಾಳಿಯವನು.
ಅವನು ಎಳೆದದ್ದನ್ನು ನಾನು ಅಳೆಯುತ್ತಿದ್ದೆ.
ರಾತ್ರಿ ಒಂದೇ ಮೇಜಿಗೆ ಕೂತು ಬೀಟ್‌ರೂಟ್ ಸಾರು ಉಣ್ಣುತ್ತಿದ್ದೆವು
ಆ ಕಲ್ಲೇ ಸುಟ್ಟು ಬಂದ ಕರೆಂಟಿನ ಬೆಳಕಲ್ಲಿ.
ಉರಿವ ಮನೆಯ ಗಳ ಹಿರಿದವರು ಯಾರೆಂದು
ಯಾರನ್ನು ಬೈಯಲಿ?
ನಮ್ಮ ಮಾಡು ನಿಂತದ್ದೇ ಆ ಗಳದ ಮೇಲೆ.

ಕಂಪನಿ ನಲ್ಲಿ ಹಾಕಿಸಿಕೊಟ್ಟಿತು.
ಹೆಲ್ಯು ಆ ನೀರಲ್ಲಿ ಬಟ್ಟೆ ಒಗೆದಳು, ಆಡುಗಳಿಗೆ ಕುಡಿಸಿದಳು,
ತಾನೂ ಕುಡಿದಳು, ಮಾತಾಡದೆ.
ಬಾವಿಯ ಬಕೆಟ್ಟನ್ನು ಮಾತ್ರ ಬಿಚ್ಚಲಿಲ್ಲ.
ವರ್ಷಕ್ಕೊಮ್ಮೆ, ಹಿಮ ಕರಗಿದ ವಾರ,
ಏನನ್ನೂ ಎತ್ತದ ಆ ರಾಟೆಗೆ ಎಣ್ಣೆ ಬಿಡುತ್ತಿದ್ದಳು.

ಕಲ್ಲು ತೀರಿತೋ ಲಾಭ ತೀರಿತೋ, ಗಣಿ ಮುಚ್ಚಿತು.
ಕೊನೆಯ ಸ್ವಿಚ್ಚು ಆರಿಸಿದವನು ಗೆನ್ನಾದಿ.
ಆ ನಿಶ್ಶಬ್ದಕ್ಕೆ ಅವನಿಗೆ ತಿಂಗಳುಗಟ್ಟಲೆ ನಿದ್ದೆ ಹತ್ತಲಿಲ್ಲ,
ಫ್ರಿಜ್ಜಿನ ಪಕ್ಕ ಹಾಸಿಗೆ ಹಾಸಿಕೊಂಡ.

ನೀರು ತಿರುಗಿ ಬಂತು.
ಮೊದಲು ಯಾರದೋ ನೆಲಮಾಳಿಗೆಗೆ,
ಖಾಲಿ ಜಾಡಿಗಳು ಒಂದಕ್ಕೊಂದು ತಾಕಿ ಕತ್ತಲಲ್ಲಿ ಸದ್ದು ಮಾಡಿದವು.
ಆಮೇಲೆ ಬಾವಿಗೆ.
ಗುಳುಕ್.
ನಾಲ್ಕು ಮೀಟರು ಹತ್ತು. ನನ್ನ ಕೈ ನಡುಗಿತು,
ಮಗು ಹುಟ್ಟಿದ ಸುದ್ದಿ ಹೇಳುವವನ ಹಾಗೆ ಹೇಳಿದೆ.

ಹೆಲ್ಯು ರಾಟೆ ತಿರುಗಿಸಿದಳು. ಒಂಚೂರೂ ಕಿರುಗುಟ್ಟಲಿಲ್ಲ.
ಬಕೆಟ್ಟಲ್ಲಿ ತುಕ್ಕಿನ ಬಣ್ಣ,
ಮೇಲೆ ತೆಳ್ಳನೆ ಕೆನೆ, ಕೆನೆಯಲ್ಲಿ ಕಾಮನಬಿಲ್ಲು.
ಬೆರಳದ್ದಿ ಮೂಸಿದಳು.
"ಎತ್ತರ ನೀನು ಚೆನ್ನಾಗಿ ಬಲ್ಲೆ," ಅಂದಳು,
"ರುಚಿ ಬರೆಯಲು ಆ ಕಾಗದದಲ್ಲಿ ಜಾಗ ಇದೆಯಾ?"
ನೋಡಿದೆ. ಎರಡೂ ಮಗ್ಗುಲು ನೋಡಿದೆ.
ಆಫೀಸಿನಲ್ಲಿ ಆ ಹಾಳೆಯ ಮೇಲೆ ಮೊಹರು ಬಿತ್ತು:
'ಯಥಾಸ್ಥಿತಿಗೆ ಮರಳಿದೆ.'

ಒಂದು ಬಾಟಲಿ ತುಂಬಿ ಮನೆಗೆ ತಂದೆ.
ಬೆಳಗಾಗುವುದರೊಳಗೆ ಮೇಲೆ ತಿಳಿ, ತಳದಲ್ಲಿ ಎರಡು ಬೆರಳು ಕಂದು.
ಎಲ್ಲಿಯದೆಂದು ಗೆನ್ನಾದಿ ಕೇಳಲಿಲ್ಲ.
ಬಿರಡೆ ತೆಗೆದ, ಒಮ್ಮೆ ಉಸಿರೆಳೆದ,
ಕೆಲಸದಂಗಿಯ ವಾಸನೆ ಹಿಡಿದವನಂತೆ
ತುಸು ಹೊತ್ತು ಸುಮ್ಮನಿದ್ದ.
"ನಮ್ಮದೇ," ಅಂದ.